ಸಾವಾದ ಮನೆಯ ಮಗು ಮತ್ತೆ ಶಾಲೆಗೆ ಬಂದಾಗ



ಹೋದ ವರ್ಷ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿಯುವ ಹೊತ್ತಿಗೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಸದಸ್ಯೆಯೊಬ್ಬರು ಮಾತು ತೆಗೆದರು. "ಸಿಸ್ಟರ್, ಆರನೇ ಕ್ಲಾಸಿನ ಹುಡುಗ ಒಬ್ಬ ಇದಾನಲ್ಲ, ಅವರಪ್ಪ ತೀರಿಕೊಂಡು ಹದಿನೈದು ದಿನ ಆಯ್ತು. ತಿಥಿ ಮುಗಿಸಿಕೊಂಡು ಸ್ಕೂಲಿಗೆ ಬಂದ. ತಲೆ ಬೋಳಿಸಿದ್ರಲ್ಲ, ಅದಕ್ಕೆ ಟೋಪಿ ಹಾಕ್ಕೊಂಡಿದ್ದ. ಕ್ಲಾಸಲ್ಲಿ ಟೋಪಿ ತೆಗಿ ಅಂದ್ರಂತೆ, ತೆಗೆದ. ಹಿಂದೆ ಕೂತ ಹುಡುಗ್ರು ತಲೆ ಮೇಲೆ ಟಪ್ ಟಪ್ ಅಂತ ಹೊಡೆದ್ರಂತೆ. ಮಾರನೇ ದಿನದಿಂದ ಊಟದ ಸಾಲಲ್ಲಿ ಅವನು ಕಾಣ್ತಿಲ್ಲ."

ಸಭೆ ಸುಮ್ಮನಾಯಿತು. ಹೊಡೆದ ಹುಡುಗರಲ್ಲಿ ಇಬ್ಬರ ತಾಯಂದಿರು ಅಲ್ಲೇ ಕೂತಿದ್ದರು. ಅವರೇನು ಕೆಟ್ಟವರಲ್ಲ. ಸಾವಿನ ದಿನ ಆ ಮನೆಗೆ ನೀರು ಹೊತ್ತವರು, ಬಂದವರಿಗೆ ಅನ್ನ ಬೇಯಿಸಿ ಹಾಕಿದವರು ಅವರೇ. ಆದರೆ ಮನೆಗೆ ಬಂದು ತಮ್ಮ ಮಗನನ್ನು ಕೂರಿಸಿಕೊಂಡು, "ನಾಳೆ ಅವನು ಬರ್ತಾನೆ, ತಲೆ ಬೋಳಿಸಿರ್ತಾರೆ, ನಗಬೇಡ, ಪಕ್ಕದಲ್ಲೇ ಕೂತ್ಕೋ" ಎಂದು ಹೇಳುವುದು ಅವರಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಹೊಳೆದಿರಲಿಲ್ಲ. ನಾವೂ ಆ ಮನೆಗೆ ಹೋಗಿದ್ದೆವು. ತಾಯಿಯ ಕೈ ಹಿಡಿದು ಕೂತಿದ್ದೆವು. ಮೂಲೆಯಲ್ಲಿ ನಿಂತಿದ್ದ ಹುಡುಗನನ್ನು, ನಿನ್ನ ಶಾಲೆಯ ಕತೆ ಏನಪ್ಪಾ ಎಂದು ಕೇಳಿರಲಿಲ್ಲ.

ಸಾವಾದ ಮನೆಯಲ್ಲಿ ಏನೇನು ಮಾಡಬೇಕು ಎಂಬುದು ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. ಯಾರು ಸುದ್ದಿ ಮುಟ್ಟಿಸಬೇಕು, ಯಾರ ಮನೆಯಿಂದ ಊಟ ಬರಬೇಕು, ಮೂರನೇ ದಿನ ಏನು, ಹನ್ನೊಂದನೇ ದಿನ ಏನು, ಎಲ್ಲಕ್ಕೂ ಪದ್ಧತಿ ಇದೆ. ಕ್ರೈಸ್ತರಲ್ಲಿ, ಮುಸಲ್ಮಾನರಲ್ಲಿ ಬೇರೆ ಬೇರೆ ಕ್ರಮ, ಆದರೆ ಕ್ರಮ ಎಲ್ಲರಿಗೂ ಇದೆ. ಅದೆಲ್ಲ ಮುಗಿದ ಮೇಲೆ ಮಗು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಶಾಲೆಯ ಗೇಟಿನೊಳಗೆ ಬರುತ್ತದಲ್ಲ, ಆ ದಿನಕ್ಕೆ ಮಾತ್ರ ಯಾವ ಪದ್ಧತಿಯೂ ಇಲ್ಲ. ಮೇಷ್ಟ್ರು ಏನು ಹೇಳಬೇಕು, ಪಕ್ಕದ ಹುಡುಗಿ ಏನು ಹೇಳಬೇಕು, ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಏನೂ ಆಗಿಲ್ಲ ಎನ್ನುವಂತೆ ಇದ್ದುಬಿಡುತ್ತಾರೆ.

ಇದನ್ನು ನಿಮಗೇ ಯಾಕೆ ಹೇಳ್ತಿದ್ದೇವೆ ಎಂದರೆ, ಶಾಲೆಯೊಳಗೆ ಇರುವವರು ನೀವೇ. ಅಡುಗೆ ಮನೆಯಲ್ಲಿ ನೀವಿದ್ದೀರಿ, ಅಂಗನವಾಡಿಯಲ್ಲಿ ನೀವಿದ್ದೀರಿ. ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಸಹಿ ಹಾಕುವುದಕ್ಕೆ ಮಾತ್ರ ಕರೆಯುತ್ತಾರೆ ಎಂದು ನೀವು ದೂರುವುದು ನಮಗೆ ಗೊತ್ತು. ಇಂಥ ವಿಷಯಕ್ಕೆ ಕರೆಯದಿದ್ದರೂ ಹೋಗಬೇಕು.

ಮಗು ದುಃಖಪಡುವ ರೀತಿ ಬೇರೆ

"ಅಪ್ಪ ಸತ್ತು ಎಂಟು ದಿನ ಆಗಿಲ್ಲ, ಗೋಲಿ ಆಡ್ತಾನೆ ನೋಡಿ, ಇವನಿಗೆ ಏನೂ ಅನ್ನಿಸಿಲ್ಲ." ಈ ಮಾತನ್ನು ನಾವು ಎಷ್ಟು ಊರಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ದೊಡ್ಡವರ ದುಃಖ ಸೋನೆ ಮಳೆ ಇದ್ದ ಹಾಗೆ, ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಮಕ್ಕಳದ್ದು ಬಿಸಿಲು ಮಳೆ. ಈಗ ಅಳುತ್ತವೆ, ಅರ್ಧ ಗಂಟೆ ಬಿಟ್ಟು ಕುಂಟೆಬಿಲ್ಲೆ ಆಡುತ್ತವೆ, ರಾತ್ರಿ ಮತ್ತೆ ಅಳುತ್ತವೆ. ಆಟದಲ್ಲಿ ಅವು ಸ್ವಲ್ಪ ಉಸಿರು ತೆಗೆದುಕೊಳ್ಳುತ್ತವೆ, ಅಷ್ಟೆ. ಆಟ ನಿಲ್ಲಿಸಬೇಡಿ.

ನಾವು ಸಮಾಜಕಾರ್ಯ ಓದುವಾಗ ದುಃಖಕ್ಕೆ ಐದು ಹಂತ ಎಂದು ಕಲಿತಿದ್ದೆವು. ಎಲಿಜಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಬರೆದ ಪುಸ್ತಕದಲ್ಲಿ ಅದು ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಆಮೇಲೆ ತಿಳಿದದ್ದು ಏನೆಂದರೆ ಆ ವೈದ್ಯೆ ಮಾತಾಡಿಸಿದ್ದು ಸಾಯುವ ಕಾಯಿಲೆಯಲ್ಲಿ ಮಲಗಿದ್ದ ರೋಗಿಗಳನ್ನು. ಹಿಂದೆ ಉಳಿದವರು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹಂತ ದಾಟುತ್ತಾರೆ ಎಂಬುದಕ್ಕೆ ಆಧಾರ ಇಲ್ಲ. 1999ರಲ್ಲಿ ನೆದರ್ಲೆಂಡ್ಸ್ ದೇಶದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ ಎಂಬುವರು ಹೇಳಿದ್ದು ನಮ್ಮ ಅನುಭವಕ್ಕೆ ಹೆಚ್ಚು ಹತ್ತಿರ. ಮನುಷ್ಯರು ಒಮ್ಮೆ ದುಃಖದ ಕಡೆಗೆ ಹೋಗುತ್ತಾರೆ, ಒಮ್ಮೆ ಬದುಕಿನ ಕೆಲಸದ ಕಡೆಗೆ ತಿರುಗುತ್ತಾರೆ, ಮತ್ತೆ ದುಃಖಕ್ಕೆ ಮರಳುತ್ತಾರೆ. ಎರಡೂ ಬೇಕು. ಸಂಸಾರ ನಡೆಸಿದ ನಿಮಗೆ ಇದನ್ನು ಪುಸ್ತಕ ನೋಡಿ ಹೇಳಬೇಕಾಗಿಲ್ಲ.

ವಯಸ್ಸಿನ ವಿಚಾರ ಮಾತ್ರ ತಿಳಿದಿರಬೇಕು. ಹಂಗೇರಿ ದೇಶದ ಮಾರಿಯಾ ನಾಗಿ ಎಂಬುವರು ಮಕ್ಕಳ ಜೊತೆ ಸಾವಿನ ಬಗ್ಗೆ ಮಾತಾಡಿ, ಚಿತ್ರ ಬರೆಸಿ, 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ವರ್ಷದ ಒಳಗಿನ ಮಗುವಿಗೆ ಸತ್ತವರು ಮತ್ತೆ ಬರುವುದಿಲ್ಲ ಎಂಬುದು ಗೊತ್ತಾಗುವುದಿಲ್ಲ, ಒಂಬತ್ತು ಹತ್ತು ವರ್ಷದ ಹೊತ್ತಿಗೆ ದೊಡ್ಡವರಂತೆ ಅರ್ಥವಾಗುತ್ತದೆ ಎಂದು ಅವರು ಕಂಡುಕೊಂಡರು. ಎಲ್ಲ ಮಕ್ಕಳೂ ಈ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ. ಹಸು ಕರು ಸಾಯುವುದನ್ನು ಕಂಡು ಬೆಳೆಯುವ ಹಳ್ಳಿಯ ಮಕ್ಕಳಿಗೆ ಇನ್ನೂ ಬೇಗ ತಿಳಿಯುತ್ತದೆ ಎಂದು ನಮಗನ್ನಿಸುತ್ತದೆ. ಆದರೂ ಅಂಗನವಾಡಿಯ ಮಗು ನಾಲ್ಕನೇ ಸಲ "ಅಮ್ಮ ಯಾವಾಗ ಬರ್ತಾಳೆ" ಎಂದು ಕೇಳಿದರೆ ಗದರಬೇಡಿ. ನಾಲ್ಕನೇ ಸಲವೂ ಅದೇ ಉತ್ತರ ಕೊಡಿ.

ಯಾವ ಉತ್ತರ? ನೇರವಾದದ್ದು. "ಅಮ್ಮನಿಗೆ ತುಂಬಾ ಕಾಯಿಲೆ ಆಗಿತ್ತು. ಡಾಕ್ಟರು ನೋಡಿದ್ರು, ಆದ್ರೂ ವಾಸಿಯಾಗಲಿಲ್ಲ. ಅಮ್ಮ ಸತ್ತುಹೋದಳು. ಇನ್ನು ಬರೋದಿಲ್ಲ. ನಿನ್ನನ್ನ ನಾವು ನೋಡ್ಕೋತೀವಿ." ಸತ್ತು ಎಂಬ ಮಾತು ನಾಲಿಗೆಗೆ ಬರುವುದಿಲ್ಲ ಎಂದು ನಾವು "ಮಲಗಿದಾಳೆ" ಎನ್ನುತ್ತೇವೆ, "ಊರಿಗೆ ಹೋಗಿದಾಳೆ" ಎನ್ನುತ್ತೇವೆ. ಹಾಗೆ ಹೇಳಿಸಿಕೊಂಡ ಒಬ್ಬ ಮಗು ರಾತ್ರಿ ಮಲಗಲು ಹೆದರುತ್ತಿತ್ತು. ಇನ್ನೊಂದು ಮಗು ದಿನಾ ಸಂಜೆ ಬಸ್ ನಿಲ್ದಾಣದಲ್ಲಿ ಕೂರುತ್ತಿತ್ತು.

ಸನ್ಯಾಸಿನಿಯರಾದ ನಾವು ಹೇಳುವ ಇನ್ನೊಂದು ಮಾತು ನಿಮಗೆ ಆಶ್ಚರ್ಯ ಅನ್ನಿಸಬಹುದು. "ದೇವರಿಗೆ ಒಳ್ಳೆಯವರೇ ಬೇಕು, ಅದಕ್ಕೆ ಕರ್ಕೊಂಡ" ಎಂದು ಮಗುವಿಗೆ ಹೇಳಬೇಡಿ. ದೊಡ್ಡವರಿಗೆ ಅದು ಸಮಾಧಾನ ಕೊಡಬಹುದು. ಏಳು ವರ್ಷದ ಹುಡುಗಿ ಅದನ್ನು ಕೇಳಿ ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಳು. ಒಳ್ಳೆಯವಳಾಗಿದ್ದರೆ ತನ್ನನ್ನೂ ಕರೆದುಕೊಂಡುಬಿಟ್ಟರೆ ಎಂಬ ಭಯ ಅವಳಿಗೆ.

ಇದಕ್ಕಿಂತ ಕೆಟ್ಟ ಮಾತುಗಳಿವೆ. "ಇವಳ ಕಾಲ್ಗುಣ," "ಹುಟ್ಟಿದ ಗಳಿಗೆ ಸರಿಯಿಲ್ಲ, ಅಪ್ಪನ್ನ ತಿಂದ್ಕೊಂಡ್ಳು." ಮಗು ಮೊದಲೇ ತನ್ನೊಳಗೆ ಲೆಕ್ಕ ಹಾಕುತ್ತಿರುತ್ತದೆ: ನಾನು ಅವತ್ತು ಹಟ ಮಾಡಿದೆ, ಅಪ್ಪ ಸಿಟ್ಟಲ್ಲಿ ಗಾಡಿ ತಗೊಂಡು ಹೋದ, ಅದಕ್ಕೇ ಹೀಗಾಯ್ತು. ಅಂಥ ಮಗುವಿನ ಕಿವಿಗೆ ಈ ಮಾತು ಬಿದ್ದರೆ ಜೀವಮಾನ ಹೋಗುವುದಿಲ್ಲ. ಸಂಘದಲ್ಲಿ ಯಾರಾದರೂ ಹೀಗಂದರೆ ಅಲ್ಲೇ ತಡೆಯಿರಿ, ಅವರು ನಿಮ್ಮ ಅತ್ತೆಯೇ ಆಗಿದ್ದರೂ. ಮಗುವಿಗೆ ಮಾತ್ರ ಬಾಯಿಬಿಟ್ಟು ಹೇಳಿ: "ಇದು ನಿನ್ನಿಂದ ಆಗಿದ್ದಲ್ಲ."

ಶಾಲೆಯ ಮೊದಲ ದಿನ

ಮಗು ಬರುವ ಮೊದಲೇ ಕೆಲಸ ಶುರುವಾಗಬೇಕು. ಇಬ್ಬರು ಸದಸ್ಯೆಯರು ಹೋಗಿ ಮುಖ್ಯ ಶಿಕ್ಷಕರಿಗೆ ವಿಷಯ ತಿಳಿಸಿ. ಅವರಿಗೆ ಸಾವಿನ ಸುದ್ದಿ ಗೊತ್ತಿರುತ್ತದೆ, ಆದರೆ ಮಗು ಯಾವಾಗ ಬರುತ್ತದೆ, ತಲೆ ಬೋಳಿಸಿದ್ದಾರೋ, ಮನೆಯಲ್ಲಿ ಈಗ ಯಾರಿದ್ದಾರೆ, ಇದು ಗೊತ್ತಿರುವುದಿಲ್ಲ. ಮಗು ಬರುವ ಹಿಂದಿನ ದಿನ ತರಗತಿಯ ಮಕ್ಕಳಿಗೆ ಟೀಚರ್ ಎರಡು ಮಾತು ಹೇಳಲಿ. ಟೋಪಿ ಹಾಕಿಕೊಂಡರೆ ಕೂದಲು ಬೆಳೆಯುವವರೆಗೆ ಬಿಡಲಿ. ಅಳು ಬಂದರೆ ಎದ್ದು ಹೋಗಿ ಕೂರಲು ಒಂದು ಜಾಗ ತೋರಿಸಲಿ. ಎಷ್ಟೋ ಶಾಲೆಗಳಲ್ಲಿ ಆ ಜಾಗ ಅಡುಗೆ ಮನೆಯೇ, ಅಲ್ಲಿ ಬೆಚ್ಚಗಿರುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಶಾಲೆಯವರು ಗೊತ್ತಿಲ್ಲದೆ ಮಾಡುವ ಕೆಲವು ನೋವುಗಳಿವೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಎಲ್ಲರ ಮುಂದೆ "ತಂದೆ ಇದಾರಾ?" ಎಂದು ಕೇಳುವುದು. ತಪ್ಪು ಮಾಡಿದರೆ "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಎನ್ನುವುದು. ತಾಯಿಯ ಮೇಲೆ ಪ್ರಬಂಧ ಬರೆಯಿರಿ ಎನ್ನುವುದು. ಇವನ್ನು ಮುಖ್ಯ ಶಿಕ್ಷಕರಿಗೆ ಮೆಲ್ಲಗೆ ಹೇಳಿ. ಹೇಳಿದರೆ ಕೇಳದವರನ್ನು ನಾವು ಹೆಚ್ಚು ನೋಡಿಲ್ಲ. ನಲವತ್ತು ಮಕ್ಕಳಿಗೆ ಪಾಠ ಮಾಡುವವರಿಗೆ ಮರೆತುಹೋಗುತ್ತದೆ, ಅಷ್ಟೆ. ಪಾಠದಲ್ಲಿ, ಮನೆಗೆಲಸದಲ್ಲಿ ಸ್ವಲ್ಪ ರಿಯಾಯಿತಿ ಇರಲಿ, ಆದರೆ ಪೂರ್ತಿ ಬಿಟ್ಟುಬಿಡುವುದು ಬೇಡ. ಮನೆಯಲ್ಲಿ ಎಲ್ಲ ಬುಡಮೇಲಾಗಿರುವಾಗ, ಹತ್ತು ಗಂಟೆಗೆ ಪ್ರಾರ್ಥನೆ, ಮಧ್ಯಾಹ್ನ ಊಟ, ನಾಲ್ಕೂವರೆಗೆ ಗಂಟೆ ಎಂಬುದು ಮಗುವಿಗೆ ಹಿಡಿದುಕೊಳ್ಳಲು ಇರುವ ಹಗ್ಗ.

ಮೊದಲು ಹೇಳಿದ ಹುಡುಗನ ವಿಚಾರಕ್ಕೆ ಬರುತ್ತೇವೆ. ಆ ಸಂಜೆ ಅಡುಗೆಯವರೇ ಅವನ ಮನೆಗೆ ಹೋದರು. ಹೊಡೆದ ಹುಡುಗರ ತಾಯಂದಿರು ಮಕ್ಕಳನ್ನು ಮನೆಗೆ ಕಳಿಸಿ ಕರೆಸಿದರು. ಕ್ಷಮೆ ಗಿಮೆ ಏನೂ ಇಲ್ಲ, "ಬಾರೋ, ಆಟಕ್ಕೆ ಒಬ್ಬ ಕಮ್ಮಿ ಇದಾನೆ" ಎಂದರಂತೆ. ಎರಡು ದಿನ ಬಿಟ್ಟು ಬಂದ. ತಟ್ಟೆಗೆ ಸಾಂಬಾರು ಹಾಕುವಾಗ ಅಡುಗೆಯವರು, "ನಿಮ್ಮಪ್ಪನಿಗೂ ಹಿಂಗೇ, ಹುಳಿ ಜಾಸ್ತಿ ಇರಬೇಕು. ನಮ್ಮ ಗದ್ದೆಗೆ ಕೆಲಸಕ್ಕೆ ಬಂದಾಗ ಎರಡು ಸಲ ಹಾಕಿಸ್ಕೊಳ್ತಿದ್ದ" ಎಂದರು. ಹುಡುಗ ಏನೂ ಮಾತಾಡಲಿಲ್ಲ. ಎರಡನೇ ಸಲ ತಟ್ಟೆ ಹಿಡಿದುಕೊಂಡು ಬಂದ. ತೀರಿಕೊಂಡವರ ಹೆಸರು ಎತ್ತಿದರೆ ಮಗುವಿಗೆ ನೆನಪಾಗಿ ನೋವಾಗುತ್ತದೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಮಗು ಮರೆತಿದ್ದರಲ್ಲವೇ ನೆನಪಾಗುವುದು!

ಶಾಲೆಯ ಮಗುವೇ ತೀರಿಕೊಂಡಾಗ

ಕೆರೆಗೆ ಈಜಲು ಹೋಗಿ, ರಸ್ತೆ ಅಪಘಾತದಲ್ಲಿ, ಜ್ವರ ಬಂದು ಒಂದು ಮಗುವೇ ಹೋಗಿಬಿಟ್ಟಾಗ ಸಾಮಾನ್ಯವಾಗಿ ಎರಡು ನಿಮಿಷ ಮೌನ ಆಚರಿಸಿ ರಜೆ ಕೊಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕೂಡಲೇ ಮನೆಗೆ ಕಳಿಸುವುದು ಸರಿಯಲ್ಲ. ತಂದೆತಾಯಿ ಕೂಲಿಗೆ ಹೋಗಿರುತ್ತಾರೆ, ಮಕ್ಕಳು ಖಾಲಿ ಮನೆಗೆ ಹೋಗಿ ಏನೇನೋ ಊಹಿಸಿಕೊಳ್ಳುತ್ತಾರೆ. ಒಂದು ಗಂಟೆ ಕೂರಿಸಿಕೊಂಡು, ಏನಾಯಿತು ಎಂದು ತಿಳಿದಷ್ಟನ್ನು ಹೇಳಿ, ಕೇಳಿದ್ದಕ್ಕೆ ಉತ್ತರ ಕೊಟ್ಟು ಆಮೇಲೆ ಕಳಿಸಲಿ. ಕೂರಿಸಲು ಶಿಕ್ಷಕರು ಸಾಲದಿದ್ದರೆ ನೀವು ಹೋಗಿ ಕೂರಿ.

ಆ ಮಗು ಕೂರುತ್ತಿದ್ದ ಜಾಗವನ್ನು ಮಾರನೇ ದಿನವೇ ತುಂಬಿಸಬೇಡಿ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಟೀಚರ್ ಅಭ್ಯಾಸಬಲದಿಂದ ಕರೆದುಬಿಡುತ್ತಾರೆ, ತರಗತಿಯೆಲ್ಲ ಕಲ್ಲಾಗುತ್ತದೆ. ಮೊದಲೇ ಮಕ್ಕಳ ಜೊತೆ ಮಾತಾಡಿಕೊಂಡು, ಒಂದು ದಿನ ಆ ಹೆಸರನ್ನು ಕೊನೆಯ ಸಲ ಕೂಗಿ, ಎಲ್ಲರೂ ಎದ್ದು ನಿಂತು, ಆಮೇಲೆ ಬಿಡುವುದು ಒಂದು ದಾರಿ. ಬ್ಯಾಗು, ನೋಟ್‌ಬುಕ್ಕು ಶಾಲೆಯಲ್ಲೇ ಉಳಿದಿದ್ದರೆ ಯಾರ ಕೈಲೋ ಕಳಿಸದೆ, ಟೀಚರೂ ಇಬ್ಬರು ತಾಯಂದಿರೂ ಹೋಗಿ ಕೊಡಿ. ಆ ತಾಯಿ ಮಗನ ಅಕ್ಷರ ನೋಡುತ್ತಾ ಎಷ್ಟು ಹೊತ್ತು ಕೂತರೂ ಎದ್ದು ಬರಬೇಡಿ.

ಸಾವು ಆತ್ಮಹತ್ಯೆಯಾಗಿದ್ದರೆ ಇನ್ನೂ ಎಚ್ಚರ ಬೇಕು. ಹೇಗೆ, ಎಲ್ಲಿ, ಯಾವುದರಿಂದ ಎಂಬ ವಿವರ ಮಕ್ಕಳ ಮುಂದೆ ಬೇಡವೇ ಬೇಡ. ಫೇಲಾದದ್ದಕ್ಕೆ, ಬೈದದ್ದಕ್ಕೆ ಎಂದು ಒಂದೇ ಕಾರಣ ಅಂಟಿಸುವುದೂ ಬೇಡ. ಹತ್ತಿರದ ಗೆಳೆಯರ ಮೇಲೆ ಒಂದೆರಡು ತಿಂಗಳು ಕಣ್ಣಿಡಿ. ಯಾವ ಮಗುವಾದರೂ "ನಾನೂ ಸತ್ತೋಗ್ಬೇಕು" ಎಂದರೆ ತಮಾಷೆ ಎಂದುಕೊಳ್ಳದೆ, ಒಂಟಿಯಾಗಿ ಬಿಡದೆ, ಅವತ್ತೇ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ, ದುಡ್ಡು ಕೊಡಬೇಕಾಗಿಲ್ಲ.

ಮನೆಯ ಕಡೆ ನೋಡಿದರೆ

ಇನ್ನು ನಮ್ಮನ್ನು ಹೆಚ್ಚು ಕಾಡುವ ವಿಷಯ. ಅಪ್ಪನೋ ಅಮ್ಮನೋ ಹೋದ ಮನೆಯ ಹೆಣ್ಣುಮಗು ಶಾಲೆ ಬಿಡುವುದು ಸಾವಿನ ವಾರದಲ್ಲಿ ಅಲ್ಲ. ಎರಡು ಮೂರು ತಿಂಗಳು ಬಿಟ್ಟು, ಎಲ್ಲರೂ ಮರೆತ ಮೇಲೆ.

ನಮ್ಮ ಒಂದು ಸಂಘದ ಸದಸ್ಯೆಯೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗಳು ಒಂಬತ್ತನೇ ತರಗತಿ, ಮಗನಿಗೆ ನಾಲ್ಕು ವರ್ಷ. ಗಂಡ ಗಾರೆ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೇ ಹೋಗಬೇಕು. ಹುಡುಗಿ ನೀರು ತುಂಬಿ, ಅಡುಗೆ ಮಾಡಿ, ತಮ್ಮನನ್ನು ತಯಾರು ಮಾಡುವಷ್ಟರಲ್ಲಿ ಹತ್ತೂವರೆ. ಮೊದಲು ತಡವಾಗಿ ಹೋದಳು, ಆಮೇಲೆ ವಾರಕ್ಕೆ ಮೂರು ದಿನ, ಆಮೇಲೆ ಇಲ್ಲ. ಅಷ್ಟರಲ್ಲಿ ಸಂಬಂಧಿಕರು ಬಂದು, ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಮದುವೆ ಆಗಬೇಕು, ಕನ್ಯಾದಾನ ಮಾಡಿದರೆ ಹೋದವರಿಗೂ ಒಳ್ಳೆಯದು ಎಂದರು. ಹುಡುಗಿಗೆ ಹದಿನಾಲ್ಕು ತುಂಬಿ ಹದಿನೈದು.

ಸಂಘದವರು ಭಾಷಣ ಮಾಡಲಿಲ್ಲ. ಮೂರು ಮನೆಯವರು ಸರದಿ ಹಾಕಿಕೊಂಡರು. ಬೆಳಗಿನ ರೊಟ್ಟಿ ಪಲ್ಯ ಒಂದು ಮನೆಯಿಂದ, ತಮ್ಮನನ್ನು ಅಂಗನವಾಡಿಗೆ ಬಿಡುವುದು ಇನ್ನೊಂದು ಮನೆ, ನೀರು ಮತ್ತೊಂದು ಮನೆ. ಐದು ತಿಂಗಳು ನಡೆಯಿತು. ನಡುವೆ ಜಗಳವೂ ಆಯಿತು, ಒಬ್ಬರು ಬಿಟ್ಟರು, ಇನ್ನೊಬ್ಬರು ಸೇರಿದರು. ಮದುವೆ ಮಾತಿಗೆ ಅಂಗನವಾಡಿ ಕಾರ್ಯಕರ್ತೆಯನ್ನೂ ಹೆಡ್‌ಮಾಸ್ಟರನ್ನೂ ಕರೆದುಕೊಂಡು ಹೋಗಿ ತಂದೆಯ ಹತ್ತಿರ ಕೂತರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, ಹದಿನೆಂಟು ವರ್ಷ, ಮಕ್ಕಳ ಸಹಾಯವಾಣಿ 1098, ಇದೆಲ್ಲವನ್ನೂ ಹೇಳಿದರು. ಆದರೆ ಆ ತಂದೆಯ ಮನಸ್ಸು ಬದಲಿಸಿದ್ದು ಕಾಯ್ದೆ ಅಲ್ಲ ಎಂದು ನಮಗನ್ನಿಸುತ್ತದೆ. "ಅವಳಮ್ಮ ಪ್ರತಿ ವಾರ ಉಳಿತಾಯ ಕಟ್ಟಿದ್ದು ಇವಳ ಕಾಲೇಜಿಗೆ ಅಂತ, ಅಣ್ಣಾ. ಪುಸ್ತಕದಲ್ಲಿ ಬರೆದಿದೆ" ಎಂದು ಪ್ರತಿನಿಧಿ ತೋರಿಸಿದಾಗ ಆತ ಅತ್ತರು. ಹುಡುಗಿ ಎಸ್ಎಸ್ಎಲ್‌ಸಿ ಬರೆದಳು. ಗಣಿತ ಮೊದಲ ಸಲ ಹೋಯಿತು, ಎರಡನೇ ಪರೀಕ್ಷೆಯಲ್ಲಿ ಪಾಸಾದಳು.

ಇಂಥ ಮಕ್ಕಳನ್ನು ಕೂಡಲೇ ಹಾಸ್ಟೆಲಿಗೆ ಸೇರಿಸಿ ಎಂದು ಜನ ನಮ್ಮ ಹತ್ತಿರ ಬರುತ್ತಾರೆ. ಹಿಂದೆ ನಾವೂ ಒಳ್ಳೆಯದೇ ಎಂದುಕೊಂಡು ಹಾಗೆ ಸೇರಿಸಿಕೊಂಡಿದ್ದೇವೆ. ತಾಯಿ ಹೋದ ತಿಂಗಳಲ್ಲೇ ಮನೆ, ತಮ್ಮ, ಗೆಳತಿಯರು ಎಲ್ಲವನ್ನೂ ಕಳೆದುಕೊಂಡ ಮಗು ರಾತ್ರಿಯೆಲ್ಲ ಹಾಸಿಗೆಯಲ್ಲಿ ಎದ್ದು ಕೂರುವುದನ್ನು ನೋಡಿದ ಮೇಲೆ, ಬೇರೆ ದಾರಿ ಇದ್ದರೆ ಮೊದಲ ವರ್ಷ ಬೇಡ ಎನ್ನುತ್ತೇವೆ.

ದುಡ್ಡಿನ ವಿಚಾರ ಬೇಗ ಹೇಳಿಬಿಡುತ್ತೇವೆ. ಮರಣವನ್ನು 21 ದಿನದೊಳಗೆ ನೋಂದಣಿ ಮಾಡಿಸಿ, ಆ ಪತ್ರ ಇಲ್ಲದೆ ಮುಂದಿನ ಯಾವುದೂ ನಡೆಯುವುದಿಲ್ಲ. ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಅಪಘಾತದ ಸುರಕ್ಷಾ ವಿಮೆ. ಎರಡರಲ್ಲೂ ಎರಡು ಲಕ್ಷದವರೆಗೆ ಬರುತ್ತದೆ, ಎಷ್ಟೋ ಮನೆಯವರಿಗೆ ಇದ್ದದ್ದೇ ಗೊತ್ತಿರುವುದಿಲ್ಲ. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ ದುಡಿಯುವವರು 18ರಿಂದ 59 ವಯಸ್ಸಿನೊಳಗೆ ತೀರಿಕೊಂಡಿದ್ದರೆ ರಾಷ್ಟ್ರೀಯ ಕುಟುಂಬ ನೆರವಿನ 20,000 ರೂಪಾಯಿಗೆ ನಾಡಕಚೇರಿಯಲ್ಲಿ ವಿಚಾರಿಸಿ. ವಿಧವಾ ವೇತನಕ್ಕೂ ಅಲ್ಲೇ. ವಿಧವೆ ತಾಯಿಯ ಮಕ್ಕಳಿಗೂ ಅನಾಥ ಮಕ್ಕಳಿಗೂ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯಲ್ಲಿ ವರ್ಷದ ಆದಾಯ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಮುಸಲ್ಮಾನ ಸಹೋದರಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿರುತ್ತಾರೆ, ಆ ಕಾಲದಲ್ಲಿ ಕಚೇರಿ, ಶಾಲೆ ಓಡಾಟ ಸಂಘದವರು ಮಾಡಿಕೊಟ್ಟರೆ ದೊಡ್ಡ ಉಪಕಾರ.

ಸಂಘದ ಸಾಲ ಇದ್ದರೆ? ಹದಿಮೂರನೇ ದಿನ ಕಂತಿಗೆ ಹೋದ ಸಂಘವನ್ನೂ ನಾವು ನೋಡಿದ್ದೇವೆ. ಬಾಗಿಲು ತೆಗೆದದ್ದು ಎಂಟು ವರ್ಷದ ಮಗು. ಮೂರು ತಿಂಗಳು ಬಿಡಿ, ಸಭೆಯಲ್ಲಿ ಠರಾವು ಮಾಡಿ ಬರೆದಿಡಿ. ಇನ್ನೊಂದು ಮಾತು, ಮಹಿಳಾ ದಿನಾಚರಣೆಗೆ, ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮ ಹಂಚುವಾಗ ಗಂಡ ತೀರಿಕೊಂಡವರನ್ನು ದಾಟಿಕೊಂಡು ಹೋಗುತ್ತೀರಿ. ಅವರ ಸೆರಗು ಹಿಡಿದು ನಿಂತ ಮಗು ಅದನ್ನು ನೋಡುತ್ತಿರುತ್ತದೆ.

ಆರು ತಿಂಗಳಾದರೂ ಮಗು ಊಟ ಮಾಡದೆ, ನಿದ್ದೆ ಇಲ್ಲದೆ, ಯಾರ ಜೊತೆಯೂ ಸೇರದೆ ಇದ್ದರೆ, ಹಾಸಿಗೆ ಒದ್ದೆ ಮಾಡುವುದು ನಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಬಹುದು. ಈ ಕಾರ್ಯಕ್ರಮದ ಮಾದರಿ ಇಡೀ ದೇಶಕ್ಕೆ ಹೋದದ್ದು ನಮ್ಮ ಬಳ್ಳಾರಿ ಜಿಲ್ಲೆಯಿಂದ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಡೆಸಿದ ಕೆಲಸದಿಂದ. ಹುಚ್ಚಿನ ಡಾಕ್ಟರು ಎಂದು ಹೆದರಬೇಕಾಗಿಲ್ಲ.

ಆ ಒಂಬತ್ತನೇ ತರಗತಿಯ ಹುಡುಗಿಯ ಸಂಘದವರು ನಡಾವಳಿ ಪುಸ್ತಕದ ಕೊನೆಯ ಪುಟದಲ್ಲಿ ಅವಳಮ್ಮ ತೀರಿಕೊಂಡ ತಾರೀಖು ಬರೆದಿಟ್ಟುಕೊಂಡಿದ್ದರು. ವರ್ಷ ತುಂಬಿದ ದಿನ ಇಬ್ಬರು ಸದಸ್ಯೆಯರು ಹೋದರು, ಜೊತೆಗೆ ನಾವೂ ಹೋದೆವು. ಟೀ ಕುಡಿಯುವಾಗ, ಈಗ ಐದು ವರ್ಷದವನಾದ ತಮ್ಮ ಬಂದು ಪ್ರತಿನಿಧಿಯ ಮಡಿಲಲ್ಲಿ ಕೂತ. "ಅಮ್ಮ ಸಂಘದ ದುಡ್ಡು ಎಣಿಸುವಾಗ ಹೆಂಗೆ ಮಾಡ್ತಿದ್ಲು ಗೊತ್ತಾ?" ಎಂದು ನಾಲಿಗೆ ಹೊರಗೆ ಹಾಕಿ, ಹಲ್ಲಲ್ಲಿ ಕಚ್ಚಿ ತೋರಿಸಿದ. ಹಾಗೇ ಮಾಡುತ್ತಿದ್ದರು. ಅಕ್ಕ ಮೊದಲು ನಕ್ಕಳು, ಆಮೇಲೆ ನಾವೆಲ್ಲ ನಕ್ಕೆವು.